ಮುಸ್ಸಂಜೆಯ ಪ್ರಮಾಣವಚನ, ಹಗಲಿನ ಕಾನೂನು: ಕೀನ್ಯಾ ಸುಧಾರಿಸಿಕೊಂಡ ಬಗೆ

ಪ್ರಶ್ನೆ: ಮೇಡಂ, ನನ್ನ ಮಗಳು, ಅಳಿಯ ಎರಡು ವರ್ಷದಿಂದ ನೈರೋಬಿಯಲ್ಲಿದ್ದಾರೆ. ಅಳಿಯಂದಿರದು ಔಷಧಿ ಕಂಪನಿಯಲ್ಲಿ ಕೆಲಸ. 2027ರ ಆಗಸ್ಟಿನಲ್ಲಿ ಅಲ್ಲಿ ಚುನಾವಣೆ ಅಂತ ಕೇಳಿದಾಗಿನಿಂದ ನಮ್ಮ ಮನೆಯವರಿಗೆ ನಿದ್ದೆಯಿಲ್ಲ. 2007ರ ಚುನಾವಣೆ ಮುಗಿದ ಮೇಲೆ ಸಾವಿರಕ್ಕೂ ಹೆಚ್ಚು ಜನ ಸತ್ತರಂತೆ, ಚರ್ಚಿಗೆ ಬೆಂಕಿ ಇಟ್ಟರಂತೆ. ಅಂಥ ಸ್ಥಿತಿಯಿಂದ ಆ ದೇಶ ಮೇಲೆದ್ದದ್ದು ಹೇಗೆ? ಗೆದ್ದವನೂ ಸೋತವನೂ ಕೂಡಿ ಸರ್ಕಾರ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಅಥವಾ ಇದು ಬೂದಿ ಮುಚ್ಚಿದ ಕೆಂಡವೇ? (ಹುಬ್ಬಳ್ಳಿಯಿಂದ ಒಬ್ಬ ತಂದೆ)

ಉತ್ತರ: ನಿಮ್ಮ ಎರಡೂ ಅನುಮಾನ ನಿಜ. ಮುಂಬಾಗಿಲಿನ ಚಿಲಕ ಈಗ ಭದ್ರವಾಗಿದೆ, ಹಿತ್ತಲಿನ ಗೋಡೆ ಮಾತ್ರ ಬಿದ್ದದ್ದು ಬಿದ್ದೇ ಇದೆ. ಮತ ಎಣಿಸುವ, ತಕರಾರು ಬಂದರೆ ತೀರ್ಮಾನಿಸುವ ವ್ಯವಸ್ಥೆಯನ್ನು ಕೀನ್ಯಾ ಬಹುಮಟ್ಟಿಗೆ ದುರಸ್ತಿ ಮಾಡಿಕೊಂಡಿತು. ಸತ್ತವರಿಗೆ ನ್ಯಾಯ ಕೊಡುವ ಕೆಲಸ ಆಗಲೇ ಇಲ್ಲ. ಇದನ್ನು ಬಿಡಿಸಿ ಹೇಳಬೇಕಾದರೆ ಒಂದು ಸಂಜೆಯಿಂದ ಶುರುಮಾಡಬೇಕು.

2007ರ ಡಿಸೆಂಬರ್ 30, ಭಾನುವಾರ. ಮತದಾನ ಆಗಿದ್ದು ಗುರುವಾರ. ಮೊದಮೊದಲು ಬಂದ ಎಣಿಕೆಯಲ್ಲಿ ವಿರೋಧಪಕ್ಷದ ರೈಲಾ ಒಡಿಂಗಾ ಲಕ್ಷಗಟ್ಟಲೆ ಮುಂದಿದ್ದರು. ಎರಡು ದಿನದಲ್ಲಿ ಆ ಮುನ್ನಡೆ ಕರಗುತ್ತಾ ಹೋಯಿತು. ನೈರೋಬಿಯ ಎಣಿಕೆ ಕೇಂದ್ರದಲ್ಲಿ ಕೂಗಾಟ ಎದ್ದು, ಅರೆಸೇನಾಪಡೆ ಒಳನುಗ್ಗಿ ಸಭಾಂಗಣವನ್ನು ಖಾಲಿ ಮಾಡಿಸಿತು. ಚುನಾವಣಾ ಆಯೋಗದ ಅಧ್ಯಕ್ಷ ಸ್ಯಾಮ್ಯುಯೆಲ್ ಕಿವುಯಿಟು ಬೇರೊಂದು ಕೋಣೆಗೆ ಹೋಗಿ, ಸರ್ಕಾರಿ ಟೀವಿಯವರ ಮುಂದೆ ಫಲಿತಾಂಶ ಓದಿದರು: ಅಧ್ಯಕ್ಷ ಮ್ವಾಯ್ ಕಿಬಾಕಿ ಸುಮಾರು 2.3 ಲಕ್ಷ ಮತಗಳಿಂದ ಗೆದ್ದಿದ್ದಾರೆ. ಅದಾಗಿ ಒಂದು ಗಂಟೆಯೊಳಗೆ, ಕತ್ತಲಾಗುತ್ತಿದ್ದ ಹೊತ್ತಿಗೆ, ಅಧ್ಯಕ್ಷರ ನಿವಾಸದ ಹುಲ್ಲುಹಾಸಿನ ಮೇಲೆ ಪ್ರಮಾಣವಚನ ಮುಗಿದೇಹೋಯಿತು. ವಿದೇಶಿ ಗಣ್ಯರಿಲ್ಲ, ಜನರಿಲ್ಲ. ಅವತ್ತೇ ನೇರಪ್ರಸಾರಕ್ಕೂ ನಿಷೇಧ ಬಿತ್ತು. ಎರಡು ದಿನ ಕಳೆದ ಮೇಲೆ ಪತ್ರಕರ್ತರು ಕೇಳಿದಾಗ ಅದೇ ಕಿವುಯಿಟು, ಕಿಬಾಕಿ ಗೆದ್ದರೋ ಇಲ್ಲವೋ ತನಗೇ ಗೊತ್ತಿಲ್ಲ ಅಂದುಬಿಟ್ಟರು. ತಾಳಿ ಕಟ್ಟಿಸಿದ ಪುರೋಹಿತನೇ ಮದುವೆ ಆಯಿತೋ ಇಲ್ಲವೋ ಗೊತ್ತಿಲ್ಲ ಅಂದ ಹಾಗೆ.

ಆ ಸಂಜೆ ಹೊತ್ತಿದ ಕಿಡಿಗೆ ಸೌದೆ ಮೊದಲೇ ಒಟ್ಟಿತ್ತು. 2002ರಲ್ಲಿ ಕಿಬಾಕಿಯವರನ್ನು ಅಭ್ಯರ್ಥಿ ಅಂತ ಘೋಷಿಸಿ ಊರೂರು ತಿರುಗಿ ಗೆಲ್ಲಿಸಿದವರೇ ಒಡಿಂಗಾ. ಹೊಸ ಸಂವಿಧಾನ ತಂದು ಪ್ರಧಾನಿ ಹುದ್ದೆ ಸೃಷ್ಟಿಸುವ ಒಪ್ಪಂದ ಆಗಿತ್ತು. ಗೆದ್ದ ಮೇಲೆ ಅದು ಮೂಲೆ ಸೇರಿತು. 2005ರಲ್ಲಿ ಕಿಬಾಕಿ ತಮ್ಮದೇ ಕರಡು ಸಂವಿಧಾನವನ್ನು ಜನಮತಕ್ಕೆ ಹಾಕಿದರು. ಓದುಬರಹ ಬಾರದವರಿಗೂ ಅನುಕೂಲವಾಗಲೆಂದು ಆಯೋಗ ಚಿಹ್ನೆ ಕೊಟ್ಟಿತ್ತು: ಒಪ್ಪುವವರಿಗೆ ಬಾಳೆಹಣ್ಣು, ಒಪ್ಪದವರಿಗೆ ಕಿತ್ತಳೆ. ಕಿತ್ತಳೆ ಗೆದ್ದಿತು, ಒಡಿಂಗಾ ಅವರ ಪಕ್ಷದ ಹೆಸರಿನಲ್ಲೂ ಕಿತ್ತಳೆ ಸೇರಿಕೊಂಡಿತು. ಆಮೇಲೆ, ವಿರೋಧಪಕ್ಷಗಳನ್ನು ಕೇಳಿಯೇ ಚುನಾವಣಾ ಆಯುಕ್ತರನ್ನು ನೇಮಿಸುವ 1997ರ ಒಪ್ಪಂದವನ್ನು ಬದಿಗೊತ್ತಿ ಕಿಬಾಕಿ ತಮಗೆ ಬೇಕಾದವರನ್ನು ತುಂಬಿದರು. ಇದಕ್ಕೆಲ್ಲ ಕೆಳಗೆ ರಿಫ್ಟ್ ಕಣಿವೆಯ ಜಮೀನಿನ ಹಳೆಯ ವ್ಯಾಜ್ಯ. ಬಿಳಿಯರು ಬಿಟ್ಟುಹೋದ ನೆಲದಲ್ಲಿ ಸ್ವಾತಂತ್ರ್ಯಾನಂತರ ಕಿಕುಯು ಜನ, ಅಂದರೆ ಕಿಬಾಕಿಯವರ ಕುಲದವರು, ಬಂದು ನೆಲೆಸಿದರು, ಅದು ತಮ್ಮ ಹಿರಿಯರ ನೆಲ ಎಂಬುದು ಕಲೆಂಜಿನ್ ಜನರ ಕೊರಗು. 1992ರಲ್ಲೂ 1997ರಲ್ಲೂ ಚುನಾವಣೆ ಹೊತ್ತಿಗೆ ಅಲ್ಲಿ ರಕ್ತ ಹರಿದಿತ್ತು.

"ಕೋರ್ಟಿಗೆ ಹೋಗಬಹುದಿತ್ತಲ್ಲ" ಅಂತ ನಿಮಗೆ ಅನ್ನಿಸಬಹುದು. ಕಿಬಾಕಿ ಕಡೆಯವರೂ ಅದನ್ನೇ ಹೇಳಿದರು. ಒಡಿಂಗಾ ಹೋಗಲಿಲ್ಲ. ಯಾಕೆ ಅಂತ ತಿಳಿಯಲು ಎರಡು ಹಳೆಯ ಮೊಕದ್ದಮೆ ಸಾಕು. 1992ರಲ್ಲಿ ಆಗಿನ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ವಿರುದ್ಧ ಸೋತ ಕೆನೆತ್ ಮಟಿಬಾ ತಕರಾರು ಅರ್ಜಿ ಹಾಕಿದರು. ಅವರು ಬಂಧನದಲ್ಲಿದ್ದಾಗ ಪಾರ್ಶ್ವವಾಯು ಹೊಡೆದು ಬರೆಯಲಾಗದ ಸ್ಥಿತಿಯಲ್ಲಿದ್ದವರು, ಹಾಗಾಗಿ ಹೆಂಡತಿ ಮುಖ್ತಿಯಾರ್ ಪತ್ರದ ಮೇಲೆ ಸಹಿ ಮಾಡಿದ್ದರು. ಅರ್ಜಿದಾರ ಸ್ವತಃ ಸಹಿ ಮಾಡಿಲ್ಲ ಅಂತ ಅರ್ಜಿ ವಜಾ ಆಯಿತು. 1997ರಲ್ಲಿ ಸೋತವರೊಬ್ಬರು ಮತ್ತೆ ಮೊಯಿ ಮೇಲೆ ಅರ್ಜಿ ಹಾಕಿದರು. ನೋಟಿಸನ್ನು ಅಧ್ಯಕ್ಷರ ಕೈಗೇ ಕೊಟ್ಟಿಲ್ಲ ಅಂತ ಅದೂ ಬಿದ್ದುಹೋಯಿತು. ಕಾವಲು ಪಡೆ ಸುತ್ತುವರಿದ ಅಧ್ಯಕ್ಷನ ಕೈಗೆ ನೋಟಿಸ್ ಕೊಡುವುದು ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವೇ ಸರಿ. ಆ ಎರಡನೆಯ ಅರ್ಜಿದಾರರ ಹೆಸರು ಮ್ವಾಯ್ ಕಿಬಾಕಿ! ಹಗಲು ಕಂಡ ಬಾವಿಗೆ ರಾತ್ರಿ ಬೀಳು ಅಂತ ಒಡಿಂಗಾಗೆ ಹೇಳಿದರೆ ಯಾಕೆ ಕೇಳಿಯಾರು?

ನ್ಯಾಯ ಕೇಳಲು ಜಾಗವಿಲ್ಲದೆ ಜಗಳ ಬೀದಿಗೆ ಬಂತು. 2008ರ ಜನವರಿ 1ರಂದು ಎಲ್ಡೊರೆಟ್ ಬಳಿಯ ಕಿಯಂಬಾ ಎಂಬಲ್ಲಿ ಚರ್ಚಿನೊಳಗೆ ಆಶ್ರಯ ಪಡೆದಿದ್ದ ಕಿಕುಯು ಹೆಂಗಸರು, ಮಕ್ಕಳ ಮೇಲೆ ಬಾಗಿಲು ಮುಚ್ಚಿ ಬೆಂಕಿ ಇಟ್ಟರು. ತಿಂಗಳ ಕೊನೆಗೆ ನಕುರು, ನೈವಾಶಾದಲ್ಲಿ ಕಿಕುಯು ಗುಂಪುಗಳು ಸೇಡು ತೀರಿಸಿಕೊಂಡವು. ನಂತರದ ಅಧಿಕೃತ ತನಿಖೆಯ ಲೆಕ್ಕದಲ್ಲಿ ಸತ್ತವರು 1,133. ಅವರಲ್ಲಿ 405 ಜನ ಗುಂಡೇಟಿಗೆ ಸತ್ತವರು, ಆ ಗುಂಡುಗಳಲ್ಲಿ ಹೆಚ್ಚಿನವು ಪೊಲೀಸರವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಲಕ್ಷಾಂತರ ಜನ ಮನೆ ಬಿಟ್ಟರು.

ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ ಜನ ರೈಲುಹಳಿಯನ್ನೇ ಕಿತ್ತು ಹಾಕಿದರು. ನೂರು ವರ್ಷದ ಹಿಂದೆ, 1896ರಿಂದ 1901ರವರೆಗೆ, ಬಿಸಿಲು, ಮಲೇರಿಯಾ, ಸಿಂಹದ ಕಾಟದ ನಡುವೆ ಆ ಮಾರ್ಗ ಹಾಕಿದವರು ನಮ್ಮ ದೇಶದಿಂದ ಹೋದ ಸುಮಾರು 32,000 ಕೂಲಿಗಳು. ಆ ಹಳಿ, ಆ ಹೆದ್ದಾರಿ ನಿಂತರೆ ಉಗಾಂಡಾ, ರುವಾಂಡಾಗಳಿಗೆ ಪೆಟ್ರೋಲ್ ಇಲ್ಲ. ಮೊಂಬಾಸಾ ಬಂದರೇ ಅವುಗಳ ಬಾಗಿಲು. ಸುತ್ತಲಿನ ದೇಶಗಳು ಅಷ್ಟು ಬೇಗ ಸಂಧಾನಕ್ಕೆ ಬಂದದ್ದಕ್ಕೆ ಕರುಣೆಯ ಜೊತೆಗೆ ಇದೂ ಒಂದು ಕಾರಣ.

ಸಂಧಾನಕ್ಕೆ ಬಂದವರು ಒಬ್ಬಿಬ್ಬರಲ್ಲ. ದಕ್ಷಿಣ ಆಫ್ರಿಕಾದ ಡೆಸ್ಮಂಡ್ ಟುಟು, ಘಾನಾದ ಅಧ್ಯಕ್ಷ ಕುಫೂರ್, ನಾಲ್ವರು ಮಾಜಿ ಅಧ್ಯಕ್ಷರು, ಅಮೆರಿಕದ ಪ್ರತಿನಿಧಿ. ಎಲ್ಲರೂ ಕೈಬೀಸಿ ಹೋದರು. ಜನವರಿ 22ಕ್ಕೆ ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಬಂದರು, ಜೊತೆಗೆ ನೆಲ್ಸನ್ ಮಂಡೇಲಾ ಅವರ ಪತ್ನಿ ಗ್ರಾಸಾ ಮಶೆಲ್ ಮತ್ತು ತಾಂಜಾನಿಯಾದ ಮಾಜಿ ಅಧ್ಯಕ್ಷ ಬೆಂಜಮಿನ್ ಮಕಾಪಾ. ಅನ್ನಾನ್ ಹಾಕಿದ ಮೊದಲ ಷರತ್ತು ನನ್ನ ಪ್ರಕಾರ ಅವರ ಜಾಣತನಕ್ಕೆಲ್ಲ ಮೂಲ: ಮಧ್ಯಸ್ಥಿಕೆ ಒಂದೇ ಇರಬೇಕು. ಒಬ್ಬರು ಕೊಟ್ಟ ಸಲಹೆ ಹಿಡಿಸದಿದ್ದರೆ ಇನ್ನೊಬ್ಬರ ಹತ್ತಿರ ಹೋಗುವ ದಾರಿ ಮುಚ್ಚಿತು. ಪಾಲು ಮಾಡಿಸುವಾಗ ನಾಲ್ಕು ಜನ ಹಿರಿಯರು ನಾಲ್ಕು ಕಡೆ ಕೂತರೆ ಏನಾಗುತ್ತದೆ ಅಂತ ನಮ್ಮ ಊರುಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಮಾತುಕತೆಯನ್ನು ಅವರು ನಾಲ್ಕು ಕಂತು ಮಾಡಿದರು. ಮೊದಲು ಹಿಂಸೆ ನಿಲ್ಲಬೇಕು, ಆಮೇಲೆ ನಿರಾಶ್ರಿತರ ಅನ್ನ, ಸೂರು, ಮೂರನೆಯದು ಅಧಿಕಾರದ ಪ್ರಶ್ನೆ, ನಾಲ್ಕನೆಯದಾಗಿ ಜಮೀನು, ನಿರುದ್ಯೋಗ, ಸಂವಿಧಾನದಂಥ ಹಳೆಯ ಗಾಯಗಳು. ಸುಲಭವಾದದ್ದು ಮೊದಲು. ಎರಡೂ ಕಡೆಯಿಂದ ನಾಲ್ಕು ನಾಲ್ಕು ಜನ ಕೂತರು. ನೈರೋಬಿಯ ಹೋಟೆಲಿನಲ್ಲಿ ಪತ್ರಕರ್ತರ ಕಾಟ ಹೆಚ್ಚಾದಾಗ ಎಲ್ಲರನ್ನೂ ತ್ಸಾವೋ ಕಾಡಿನ ನಡುವಿನ ಲಾಡ್ಜಿಗೆ ಕರೆದೊಯ್ದರು. ಅಧಿಕಾರದ ಪ್ರಶ್ನೆಗೆ ಬಂದಾಗ ಗಾಡಿ ಹೂತುಕೊಂಡಿತು. ಫೆಬ್ರವರಿ 26ಕ್ಕೆ ಅನ್ನಾನ್ ಈ ಎಂಟು ಜನರ ಮಾತುಕತೆಯನ್ನೇ ನಿಲ್ಲಿಸಿ, ಕಿಬಾಕಿ, ಒಡಿಂಗಾ ಇಬ್ಬರನ್ನೇ ಎದುರುಬದುರು ಕೂರಿಸಿದರು. ಕೋಣೆಯೊಳಗೆ ತಾಂಜಾನಿಯಾದ ಅಧ್ಯಕ್ಷ ಜಕಾಯಾ ಕಿಕ್ವೆಟೆ ಕೂಡ ಇದ್ದರು. ಪ್ರಧಾನಿ ಹುದ್ದೆ ಇಟ್ಟರೆ ಅಧ್ಯಕ್ಷನ ಅಧಿಕಾರ ಹೋಗಿಬಿಡುತ್ತದೆ ಎಂಬ ಕಿಬಾಕಿ ಅಂಜಿಕೆಗೆ ಅವರು ತಮ್ಮ ದೇಶವನ್ನೇ ತೋರಿಸಿದರು: ನನ್ನಲ್ಲೂ ಪ್ರಧಾನಿ ಇದ್ದಾರೆ, ನಾನೂ ಅಧ್ಯಕ್ಷನಾಗಿಯೇ ಇದ್ದೇನಲ್ಲ. ಫೆಬ್ರವರಿ 28ಕ್ಕೆ ಸಹಿ ಬಿತ್ತು. ಏಪ್ರಿಲ್ 17ಕ್ಕೆ ಒಡಿಂಗಾ ಪ್ರಧಾನಿಯಾದರು.

ಈಗ ನಿಮ್ಮ ನೇರ ಪ್ರಶ್ನೆ: ಇಬ್ಬರೂ ಕೂಡಿ ಸರ್ಕಾರ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಕೀನ್ಯಾದ ಜನ ಆ ಸರ್ಕಾರಕ್ಕೆ ಸ್ವಾಹಿಲಿಯಲ್ಲಿ 'ನುಸು ಮ್ಕಾಟೆ' ಅಂತ ಹೆಸರಿಟ್ಟರು, ಅರ್ಧ ರೊಟ್ಟಿ ಅಂತ. ಯಾರನ್ನೂ ಬಿಡಲಾಗದೆ 40 ಮಂತ್ರಿಗಳು, ಅವರ ಕೆಳಗೆ ಅದಕ್ಕೂ ಹೆಚ್ಚು ಸಹಾಯಕ ಮಂತ್ರಿಗಳು. ಸಂಸತ್ತಿನಲ್ಲಿ ಸರ್ಕಾರದ ಕಲಾಪ ನಡೆಸುವವರು ಉಪಾಧ್ಯಕ್ಷರೋ ಪ್ರಧಾನಿಯೋ ಎಂಬ ಜಗಳ ಬಗೆಹರಿಯದೆ ಕೊನೆಗೆ ಸ್ಪೀಕರೇ ಕಲಾಪ ಸಮಿತಿಯ ಕುರ್ಚಿಯಲ್ಲಿ ಕೂರಬೇಕಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ವಿರೋಧಪಕ್ಷವೇ ಇಲ್ಲದ ಸಂಸತ್ತು ಬೇರೆ. ಚುನಾವಣೆ ಸೋತವರೆಲ್ಲ ಗಲಾಟೆ ಮಾಡಿ ಅರ್ಧ ರೊಟ್ಟಿ ಕೇಳುವ ಚಟಕ್ಕೂ ಇದು ದಾರಿ ಮಾಡಿತು. ಅದೇ ವರ್ಷ ಜಿಂಬಾಬ್ವೆಯಲ್ಲಿ ಸೋಲೊಪ್ಪದ ಅಧ್ಯಕ್ಷ ಕುರ್ಚಿಯಲ್ಲೇ ಉಳಿದು, ಎದುರಾಳಿಗೆ ಪ್ರಧಾನಿ ಹುದ್ದೆ ಕೊಡುವ ಒಪ್ಪಂದವಾಯಿತು. ಅರ್ಧ ರೊಟ್ಟಿಯಿಂದ ಸಿಕ್ಕಿದ್ದು ಸಮಯ. ಕೊಲೆ ನಿಂತಿತು, ಐದು ವರ್ಷ ಸಿಕ್ಕಿತು. ಆ ಐದು ವರ್ಷದಲ್ಲಿ ಏನು ಮಾಡಿದರು ಅನ್ನುವುದರಲ್ಲಿ ಚೇತರಿಕೆಯ ಗುಟ್ಟಿದೆ, ಮತ್ತು ಅದು ಭಾರೀ ನೀರಸವಾದ ಗುಟ್ಟು.

ಒಪ್ಪಂದದಂತೆ ಎರಡು ತನಿಖಾ ಆಯೋಗಗಳು ಬಂದವು. ದಕ್ಷಿಣ ಆಫ್ರಿಕಾದ ನಿವೃತ್ತ ನ್ಯಾಯಮೂರ್ತಿ ಯೋಹಾನ್ ಕ್ರೀಗ್ಲರ್ ಚುನಾವಣೆಯನ್ನು ಜಾಲಾಡಿದರು. ಮತದಾರರ ಪಟ್ಟಿಯಲ್ಲಿ ಸುಮಾರು 12 ಲಕ್ಷ ಸತ್ತವರ ಹೆಸರಿತ್ತು. ಎರಡೂ ಪಕ್ಷಗಳ ಭದ್ರಕೋಟೆಗಳಲ್ಲಿ ನಂಬಲಾಗದಷ್ಟು ಮತದಾನವಾಗಿತ್ತು. ಎರಡೂ ಅನ್ನುವುದನ್ನು ಗಮನಿಸಿ. ಯಾರು ಗೆದ್ದರೆಂದು ಹೇಳಲು ಸಾಧ್ಯವೇ ಇಲ್ಲ ಅಂತ ಅವರು ಬರೆದರು. ಹಲವರಿಗೆ ಇದು ಜಾರಿಕೊಂಡ ಉತ್ತರ ಅನ್ನಿಸಿತು. ನನಗೆ ಅದು ಬಹಳ ಉಪಕಾರಿ ಉತ್ತರ ಅನ್ನಿಸುತ್ತದೆ. "ನಮ್ಮ ಗೆಲುವು ಕದ್ದರು" ಅಂತ ಹಟ ಹಿಡಿಯಲು ಇಬ್ಬರಿಗೂ ಆಧಾರ ಉಳಿಯಲಿಲ್ಲ, ಕೆಟ್ಟದ್ದು ಯಂತ್ರ ಅಂತ ಒಪ್ಪಿ ಯಂತ್ರ ಬಿಚ್ಚಲು ಕೂತರು. ಹಳೆಯ ಚುನಾವಣಾ ಆಯೋಗ ರದ್ದಾಯಿತು.

2010ರ ಆಗಸ್ಟ್ 4ರಂದು ಹೊಸ ಸಂವಿಧಾನಕ್ಕೆ ಮೂರರಲ್ಲಿ ಎರಡು ಪಾಲು ಜನ ಒಪ್ಪಿಗೆ ಕೊಟ್ಟರು. ಅದನ್ನೂ ಅದರ ಬೆನ್ನಿಗೆ ಬಂದ ಕಾಯ್ದೆಗಳನ್ನೂ ಓದುವಾಗ 2007ರ ಆ ಸಂಜೆ ಸಾಲುಸಾಲಿನ ಹಿಂದೆ ಕಾಣುತ್ತದೆ. ಅಧ್ಯಕ್ಷನ ಪ್ರಮಾಣವಚನ ಸಾರ್ವಜನಿಕವಾಗಿ ನಡೆಯಬೇಕು. 2012ರ ಕಾಯ್ದೆ ಗಡಿಯಾರವನ್ನೂ ಕಟ್ಟಿಹಾಕಿತು: ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ. ಜಗತ್ತಿನ ಬೇರೆ ಕಡೆ ಓದಿದರೆ ಇದು ಶಿಷ್ಟಾಚಾರದ ಸಣ್ಣ ವಿವರ. ಕೀನ್ಯಾದಲ್ಲಿ ಅದು 1,133 ಹೆಣಗಳ ನೆನಪು. ತಕರಾರಿದ್ದರೆ ಏಳು ದಿನದೊಳಗೆ ಹೊಸ ಸುಪ್ರೀಂ ಕೋರ್ಟಿಗೆ ಹೋಗಬೇಕು, ಕೋರ್ಟು 14 ದಿನದಲ್ಲಿ ತೀರ್ಪು ಕೊಡಬೇಕು, ಅಲ್ಲಿಯವರೆಗೆ ಪ್ರಮಾಣವಚನ ಇಲ್ಲ. ನೋಟಿಸ್ ಕೈಗೆ ಮುಟ್ಟಲಿಲ್ಲ, ಸಹಿ ಹೆಂಡತಿಯದು ಎಂಬ ಕಾಲ ಮುಗಿಯಿತು. ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಸಾರ್ವಜನಿಕ ಸಂದರ್ಶನ ನಡೆಸಿ, ಮೊಯಿ ಕಾಲದಲ್ಲಿ ಜೈಲು ಕಂಡಿದ್ದ ವಿಲ್ಲಿ ಮುಟುಂಗಾ ಅವರನ್ನು ಕೂರಿಸಿದರು. ಸಂದರ್ಶನದಲ್ಲಿ ಅವರ ಕಿವಿಯ ಓಲೆಯೂ ಚರ್ಚೆಯಾಯಿತು, ಓಲೆ ಉಳಿಯಿತು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. ರಾಷ್ಟ್ರದ ಆದಾಯದಲ್ಲಿ ಕನಿಷ್ಠ ಶೇ 15 ಪಾಲು 47 ಕೌಂಟಿಗಳಿಗೆ ಹೋಗಬೇಕು. ಅಂದರೆ ನೈರೋಬಿಯಲ್ಲಿ ಸೋತವನಿಗೂ ತನ್ನ ಊರಿನಲ್ಲಿ ಒಂದು ಆಡಳಿತ, ಒಂದು ಬೊಕ್ಕಸ ಉಳಿಯುತ್ತದೆ. ಅಧಿಕಾರ ಹಿಡಿಯುವುದಕ್ಕೆ 'ತಿನ್ನುವುದು' ಅನ್ನುವ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಕಾಗದದ ಮೇಲೆ ಎಲ್ಲ ದೇಶವೂ ಚೆಂದ. ಪರೀಕ್ಷೆ ಬಂದದ್ದು 2013ರಲ್ಲಿ. ಉಹುರು ಕೆನ್ಯಾಟಾ ಶೇ 50.07 ಮತದಿಂದ, ಅಂದರೆ ಕೂದಲೆಳೆಯಲ್ಲಿ ಗೆದ್ದರು. ಒಡಿಂಗಾ ಈ ಸಲ ಕೋರ್ಟಿಗೆ ಹೋದರು, ಸೋತರು, ಒಪ್ಪಿಕೊಂಡರು. ಆ ತೀರ್ಪು ಬಹಳ ಬಡವಾಗಿತ್ತು ಅನ್ನುವವರಲ್ಲಿ ನಾನೂ ಒಬ್ಬಳು. ಆದರೆ ಬೆಂಕಿ ಬೀಳಲಿಲ್ಲ. 2017ರಲ್ಲಿ ಇನ್ನೊಂದು ಸಣ್ಣ ತೀರ್ಪು ಬಂತು, ಪತ್ರಿಕೆಗಳು ಅಷ್ಟು ಲಕ್ಷ್ಯ ಕೊಡದ ಮೇಲ್ಮನವಿ ನ್ಯಾಯಾಲಯದ ತೀರ್ಪು: ಕೆಳಗೆ ಕ್ಷೇತ್ರಗಳಲ್ಲಿ ಘೋಷಣೆಯಾದ ಫಲಿತಾಂಶವೇ ಅಂತಿಮ, ನೈರೋಬಿಯಲ್ಲಿ ಕೂತ ಚುನಾವಣಾ ಆಯೋಗದ ಅಧ್ಯಕ್ಷರು ಅದನ್ನು ತಿದ್ದುವ ಹಾಗಿಲ್ಲ. ನಮ್ಮಲ್ಲಿ ಮತಗಟ್ಟೆಯ ಲೆಕ್ಕಕ್ಕೆ ನಮೂನೆ 17ಸಿ ಇದ್ದ ಹಾಗೆ ಅಲ್ಲಿ 34ಎ. ವ್ಯತ್ಯಾಸ ಏನೆಂದರೆ ಅಲ್ಲಿ ಎಣಿಕೆಯೂ ಮತಗಟ್ಟೆಯಲ್ಲೇ ನಡೆಯುತ್ತದೆ. ಎಣಿಸಿ, ಏಜೆಂಟರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸುತ್ತಾರೆ. ಊರಿನ ಹುಡುಗರು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾರೆ. ಆ ಮೇಲೆ ನೈರೋಬಿಯಲ್ಲಿ ಅಂಕಿ ಬದಲಾದರೆ ಕೈಯಲ್ಲಿ ಸಾಕ್ಷಿ ಇರುತ್ತದೆ.

ಅದೇ ವರ್ಷ ಆಗಸ್ಟ್ 8ರ ಚುನಾವಣೆಯಲ್ಲಿ ಕೆನ್ಯಾಟಾ ಗೆದ್ದರೆಂದು ಘೋಷಣೆಯಾಯಿತು. ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ನೇತೃತ್ವದ ಕೋರ್ಟು 4-2ರ ಬಹುಮತದಿಂದ ಆ ಚುನಾವಣೆಯನ್ನೇ ರದ್ದುಮಾಡಿತು. ಅಧಿಕಾರದಲ್ಲಿರುವ ಅಧ್ಯಕ್ಷನ ಗೆಲುವನ್ನು ಕೋರ್ಟು ಅಳಿಸಿದ್ದು ಆಫ್ರಿಕಾದಲ್ಲಿ ಅದೇ ಮೊದಲು. ಸರ್ವರ್ ತೋರಿಸಿ ಅಂತ ಕೋರ್ಟು ಹೇಳಿದರೂ ಆಯೋಗ ಪೂರ್ತಿ ತೋರಿಸಿರಲಿಲ್ಲ. ಕೆನ್ಯಾಟಾ ನ್ಯಾಯಮೂರ್ತಿಗಳನ್ನು ಬೈದರು, ಆದರೂ ತೀರ್ಪಿಗೆ ತಲೆಬಾಗಿದರು. ಇಷ್ಟು ಹೇಳಿ ನಿಲ್ಲಿಸಿದರೆ ಚೆಂದದ ಕಥೆ. ಮರುಮತದಾನವನ್ನು ಒಡಿಂಗಾ ಬಹಿಷ್ಕರಿಸಿದರು, ಪೊಲೀಸರ ಗುಂಡಿಗೆ ಮತ್ತೆ ಹತ್ತಾರು ಜನ ಸತ್ತರು, 2018ರ ಜನವರಿಯಲ್ಲಿ ಒಡಿಂಗಾ ತಾವೇ 'ಜನರ ಅಧ್ಯಕ್ಷ' ಅಂತ ಪ್ರಮಾಣ ತೆಗೆದುಕೊಂಡರು. ಮಾರ್ಚ್ 9ಕ್ಕೆ ಇಬ್ಬರೂ ಕೈಕುಲುಕಿ ನಕ್ಕರು. ಹಳೆಯ ಚಾಳಿ, ಮತ್ತೆ ಅರ್ಧ ರೊಟ್ಟಿ.

2022ರಲ್ಲಿ ಆಯೋಗ ಒಂದು ಸರಳ ಕೆಲಸ ಮಾಡಿತು: 46,229 ಮತಗಟ್ಟೆಗಳ 34ಎ ನಮೂನೆಗಳನ್ನು ಬಂದಬಂದಂತೆ ವೆಬ್‌ಸೈಟಿಗೆ ಏರಿಸಿತು. ಯಾರು ಬೇಕಾದರೂ ಕೂಡಿಸಿ ನೋಡಬಹುದು. ವಿಲಿಯಂ ರೂಟೋ ಶೇ 50.49, ಒಡಿಂಗಾ ಶೇ 48.85. ಏಳು ಆಯುಕ್ತರಲ್ಲಿ ನಾಲ್ವರು "ಈ ಫಲಿತಾಂಶ ನಮ್ಮದಲ್ಲ" ಅಂತ ಎದ್ದುಹೋದರು! 2007 ಆಗಿದ್ದರೆ ಅಷ್ಟೇ ಸಾಕಿತ್ತು. ಈ ಸಲ ಪ್ರಕರಣ ಕೋರ್ಟಿಗೆ ಹೋಯಿತು, ಏಳೂ ನ್ಯಾಯಮೂರ್ತಿಗಳು ಫಲಿತಾಂಶ ಎತ್ತಿಹಿಡಿದರು, ಸೆಪ್ಟೆಂಬರ್ 13ರ ಹಗಲಿನಲ್ಲಿ ತುಂಬಿದ ಕ್ರೀಡಾಂಗಣದಲ್ಲಿ ಪ್ರಮಾಣವಚನ ನಡೆಯಿತು.

ಇನ್ನು ಹಿತ್ತಲ ಗೋಡೆ. ಎರಡನೆಯ ತನಿಖಾ ಆಯೋಗ ಕೀನ್ಯಾದವರೇ ಆದ ನ್ಯಾಯಮೂರ್ತಿ ಫಿಲಿಪ್ ವಾಕಿ ಅವರದು, ಕೊಲೆಗಳನ್ನು ಕುರಿತದ್ದು. ವಾಕಿ ಹಿಂಸೆಯ ಹಿಂದಿದ್ದಾರೆನ್ನಲಾದ ದೊಡ್ಡವರ ಹೆಸರುಗಳನ್ನು ಲಕೋಟೆಯೊಂದರಲ್ಲಿ ಮೊಹರು ಮಾಡಿ ಅನ್ನಾನ್ ಕೈಗೆ ಕೊಟ್ಟರು. ದೇಶದೊಳಗೆ ವಿಶೇಷ ನ್ಯಾಯಮಂಡಳಿ ಮಾಡಿ, ಇಲ್ಲವಾದರೆ ಲಕೋಟೆ ನೆದರ್ಲೆಂಡ್ಸಿನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ಕೋರ್ಟಿಗೆ ಹೋಗುತ್ತದೆ ಎಂಬುದು ಅವರ ಷರತ್ತು. ಸಂಸತ್ತು ಮಸೂದೆಯನ್ನು ಬೀಳಿಸಿತು, ಹೇಗ್ ಎಲ್ಲೋ ದೂರದಲ್ಲಿದೆ ಎಂಬ ಲೆಕ್ಕಾಚಾರದಲ್ಲಿ. 2009ರ ಜುಲೈನಲ್ಲಿ ಲಕೋಟೆ ಹೋಗಿಯೇಬಿಟ್ಟಿತು. 2010ರ ಕೊನೆಗೆ ಅಲ್ಲಿನ ಅಭಿಯೋಜಕರು ಹೆಸರಿಸಿದ ಆರು ಜನರಲ್ಲಿ ಕಿಕುಯು ಕುಲದ ಕೆನ್ಯಾಟಾ, ಕಲೆಂಜಿನ್ ಕುಲದ ರೂಟೋ ಇಬ್ಬರೂ ಇದ್ದರು, 2007ರಲ್ಲಿ ಎದುರುಬದುರು ಪಾಳೆಯದಲ್ಲಿದ್ದವರು. ಇಬ್ಬರೂ ಆರೋಪ ಅಲ್ಲಗಳೆದರು, ಕೈ ಜೋಡಿಸಿದರು, 2013ರಲ್ಲಿ ಒಬ್ಬರು ಅಧ್ಯಕ್ಷ, ಇನ್ನೊಬ್ಬರು ಉಪಾಧ್ಯಕ್ಷ. ಕಿಕುಯು, ಕಲೆಂಜಿನ್ ಊರುಗಳು ಆ ಸಲ ಹೊಡೆದಾಡದೇ ಇದ್ದದ್ದಕ್ಕೆ ಈ ಮೈತ್ರಿಯೇ ದೊಡ್ಡ ಕಾರಣ. ಕೆನ್ಯಾಟಾ ಮೇಲಿನ ಆರೋಪ 2014ರ ಡಿಸೆಂಬರಿನಲ್ಲಿ ಹಿಂದಕ್ಕೆ ಹೋಯಿತು. ರೂಟೋ ಮೊಕದ್ದಮೆ 2016ರ ಏಪ್ರಿಲ್‌ನಲ್ಲಿ ನಿಂತಿತು; ಸಾಕ್ಷಿಗಳ ಮೇಲೆ ಒತ್ತಡ ನಡೆದಿತ್ತೆಂದು ನ್ಯಾಯಾಧೀಶರು ಹೇಳಿದರು, ನಿರ್ದೋಷಿ ಅಂತ ಬರೆಯಲಿಲ್ಲ.

2012ರಲ್ಲಿ ವಿಚಾರಗೋಷ್ಠಿಗೆಂದು ಹೋಗಿದ್ದಾಗ ನಕುರು ರಸ್ತೆಯಲ್ಲಿ ಟ್ಯಾಕ್ಸಿಯಿಂದ ಬಿಳಿ ಡೇರೆಗಳ ಸಾಲು ನೋಡಿದೆ. ಬಿಳಿ ಅನ್ನುವುದು ಹೆಸರಿಗೆ, ಮಳೆಗೆ ಕೊಳೆತ ಕಡೆ ಸಕ್ಕರೆ ಚೀಲ ಹೊಲಿದಿದ್ದರು. ಒಂದು ಡೇರೆಯ ಸುತ್ತ ಬದನೆ, ಸುಕುಮಾ ಸೊಪ್ಪಿನ ಮಡಿ. ಸೊಪ್ಪಿನ ಮಡಿ ಮಾಡಿದವರು ನಾಳೆ ಊರಿಗೆ ಹೋಗುವವರಲ್ಲ. ಮನೆಗೆ ಮರಳಲು ಸರ್ಕಾರ ಕುಟುಂಬಕ್ಕೆ 10,000 ಶಿಲ್ಲಿಂಗ್ ಕೊಟ್ಟಿತ್ತು. ಚಾಲಕನನ್ನು ಕೇಳಿದೆ, ಇವರು ಯಾಕೆ ಹೋಗಲಿಲ್ಲ? "ದುಡ್ಡು ಕೊಟ್ಟರು ಮಾಮಾ, ನೆರೆಯವರನ್ನು ಬದಲಾಯಿಸಿ ಕೊಡಲಿಲ್ಲ" ಅಂದ. ಅಲ್ಲಿ ವಯಸ್ಸಾದ ಹೆಂಗಸರಿಗೆ ಮಾಮಾ ಅನ್ನುತ್ತಾರೆ, ಅಮ್ಮ ಅಂತ.

ಹಾಗಾದರೆ 2027? ಮತದಾನ ಆಗಸ್ಟ್ 10ಕ್ಕೆ. ಒಡಿಂಗಾ ಈಗಿಲ್ಲ, ಚಿಕಿತ್ಸೆಗೆಂದು ನಮ್ಮ ಪಕ್ಕದ ಕೇರಳಕ್ಕೆ ಬಂದಿದ್ದವರು 2025ರ ಅಕ್ಟೋಬರ್ 15ರ ಬೆಳಿಗ್ಗೆ ಎರ್ನಾಕುಲಂ ಜಿಲ್ಲೆಯ ಕೂತಾಟ್ಟುಕುಳಂನಲ್ಲಿ ವಾಯುವಿಹಾರದ ವೇಳೆ ಕುಸಿದು ತೀರಿಕೊಂಡರು. ಮುಂದಿನ ಹೋರಾಟ ಹಳೆಯ ಎರಡು ಬಣಗಳದ್ದಾಗಿರುವುದಿಲ್ಲ. 2024ರ ಜೂನ್‌ನಲ್ಲಿ ತೆರಿಗೆ ಮಸೂದೆಯ ವಿರುದ್ಧ ಸಂಸತ್ತಿಗೇ ನುಗ್ಗಿದ ಯುವಜನ ಕುಲದ ಹೆಸರು ಎತ್ತಲಿಲ್ಲ, ಅದು ಒಳ್ಳೆಯ ಲಕ್ಷಣ. ಪೊಲೀಸರು ಮತ್ತೆ ಗುಂಡು ಹಾರಿಸಿದರು, ಅದು ಹಳೆಯ ರೋಗ. ಚುನಾವಣಾ ಆಯೋಗಕ್ಕೆ 2023ರ ಆರಂಭದಿಂದ 2025ರ ಜುಲೈವರೆಗೆ ಆಯುಕ್ತರೇ ಇರಲಿಲ್ಲ ಅನ್ನುವುದು ನನಗೆ ಹೆಚ್ಚು ಚಿಂತೆ ತರುವ ಸಂಗತಿ.

ನಿಮ್ಮ ಮನೆಯವರು ನಿದ್ದೆ ಕೆಡುವಷ್ಟು ಹೆದರಬೇಕಿಲ್ಲ. 2007ರ ಹಿಂಸೆ ಹೆಚ್ಚು ನಡೆದದ್ದು ರಿಫ್ಟ್ ಕಣಿವೆಯಲ್ಲಿ, ಕಿಸುಮುವಿನಲ್ಲಿ, ನೈರೋಬಿಯ ಕೊಳೆಗೇರಿಗಳಲ್ಲಿ. ಮಗಳಿಗೆ ಹೇಳಿ: ಭಾರತೀಯ ಹೈಕಮಿಷನ್ ಕಚೇರಿಯಲ್ಲಿ ಹೆಸರು, ಮೊಬೈಲ್ ನಂಬರ್ ಬರೆಸಿಡಲಿ. ಆಗಸ್ಟ್ ಮೊದಲ ವಾರವೇ ಹತ್ತು ದಿನದ ಅಕ್ಕಿ, ಹಿಟ್ಟು, ಔಷಧಿ, ಗ್ಯಾಸ್ ತಂದಿಟ್ಟುಕೊಳ್ಳಲಿ. ಮತದಾನದ ದಿನಕ್ಕಿಂತ ಫಲಿತಾಂಶದ ದಿನ ಮನೆಯಲ್ಲಿರುವುದು ಮುಖ್ಯ. ವಾಟ್ಸ್ಯಾಪಿನಲ್ಲಿ ಯಾರೋ ಗೆದ್ದರಂತೆ ಅಂತ ಬಂದರೆ ನಂಬುವ ಮೊದಲು ಅಳಿಯಂದಿರು ಆಯೋಗದ ವೆಬ್‌ಸೈಟ್ ತೆರೆದು ನೋಡಲಿ, ಮತಗಟ್ಟೆಗಳ ನಮೂನೆಗಳು ಏರುತ್ತಿವೆಯೇ ಅಂತ. ಏರುತ್ತಿದ್ದರೆ ನೀವು ಹುಬ್ಬಳ್ಳಿಯಲ್ಲಿ ಊಟ ಮಾಡಿ ಮಲಗಬಹುದು. ಏರುವುದು ನಿಂತರೆ ಮಾತ್ರ ಮಗಳಿಗೆ ಫೋನ್ ಮಾಡಿ.